ಒಲೆ ಮಗ್ಗುಲಿನ ಚಿಟ್ಟೆಗಳು

ಮಲ್ಲಿಗಮ್ಮನನ್ನು ನಾನು ಮೊದಲ ಸಲ ನೋಡಿದಾಗ ಅವರ ತಲೆಯ ಮೇಲೆ ತರಗಿನ ಮೂಟೆ ಇತ್ತು. ನಾನು ನೀಲಗಿರಿ ತೋಪಿನ ನೆಲದಲ್ಲಿ ಮಂಡಿಯೂರಿ, ಉದುರಿದ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದೆ. ಬಾಗೂರಿನಿಂದ ಒಂದೂವರೆ ಮೈಲಿ ಆಚೆಗಿರುವ ಪಂಚಾಯ್ತಿಯ ತೋಪು ಅದು. ಹೆಚ್ಚೆಂದರೆ ನಾಲ್ಕು ಎಕರೆ.

"ಏನ್ ಮೇಡಮ್ನೋರೆ, ಓಲೆ ಗೀಲೆ ಕಳ್ಕಂಡ್ರಾ?" ಅಂತ ಕೇಳಿದರು.

"ಇಲ್ಲಮ್ಮ. ಚಿಟ್ಟೆ ಹುಡುಕ್ತಿದ್ದೀನಿ."

ಮೂಟೆ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೊರಳಲ್ಲಿ ಕ್ಯಾಮೆರಾ, ಕಂಕುಳಲ್ಲಿ ಬಲೆ, ಪ್ಯಾಂಟಿನ ತುಂಬ ಉತ್ತರಾಣಿ ಕಾಯಿ.

"ಚಿಟ್ಟೆ ಬೇಕಂದ್ರೆ ಆ ಗುಡ್ಡದ್ ತಾವ್ಕೆ ಓಗಿ. ಅಲ್ಲಿ ಅಳದಿ, ನೀಲಿ, ಕೆಂಪು, ಎಲ್ಲಾ ಅವೆ. ಇಲ್ಲಿರಾವೆಲ್ಲ ತರಗಿನಂಗವೆ."

ಹಾಗೆನ್ನುತ್ತಲೇ ಕಾಲಿನ ಹೆಬ್ಬೆರಳಿನಿಂದ ಒಂದು ಎಲೆಯ ಪಕ್ಕ ಮೆಲ್ಲಗೆ ತಟ್ಟಿದರು. ಎಲೆ ಎದ್ದು ಹಾರಿಹೋಯಿತು. ಹತ್ತು ನಿಮಿಷದಿಂದ ನಾನು ಅದರ ಮಗ್ಗುಲಲ್ಲೇ ಕೂತಿದ್ದೆ.

ಕೊರೋನಾ ಮುಗಿದು ಕಾಲೇಜುಗಳು ತೆರೆದ ವರ್ಷ ಅದು. ನಾನು ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿಕೊಂಡು, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೆ. ಚಿಟ್ಟೆ ಬಾಳುವ ಜಾಗ ಅದರ ರೆಕ್ಕೆಯ ಬಣ್ಣದ ಮೇಲೆ ಏನು ಮಾಡುತ್ತದೆ ಅನ್ನುವುದು ನನ್ನ ವಿಷಯ. ಒಂದು ಕಡೆ ಈ ನೀಲಗಿರಿ ತೋಪು, ಇನ್ನೊಂದು ಕಡೆ ಅಲ್ಲಿಂದ ಕೂಗಳತೆ ದೂರದಲ್ಲಿದ್ದ ಕುರುಚಲು ಗುಡ್ಡ. ಎರಡೂ ಕಡೆ ವಾರಕ್ಕೆ ಮೂರು ದಿನ ಅದೇ ದಾರಿಯಲ್ಲಿ ನಡೆದು ಎಷ್ಟು ಚಿಟ್ಟೆ, ಯಾವ ಬಣ್ಣ ಅಂತ ಬರೆದುಕೊಳ್ಳುವುದು ನನ್ನ ಕೆಲಸ. ಹಿಡಿದದ್ದನ್ನು ಕೊಲ್ಲುತ್ತಿರಲಿಲ್ಲ, ಫೋಟೊ ತೆಗೆದು ಬಿಡುತ್ತಿದ್ದೆ. ನಮ್ಮದು ಶ್ರವಣಬೆಳಗೊಳದ ಪಕ್ಕದ ಹಳ್ಳಿಯ ಜೈನರ ಮನೆ. ನಾನು ಪ್ರಾಣಿಶಾಸ್ತ್ರಕ್ಕೆ ಸೇರಿದ ದಿನ ನಮ್ಮ ತಾತ ಪದ್ಮರಾಜಯ್ಯ ಮೂರು ಹೊತ್ತು ಊಟ ಬಿಟ್ಟಿದ್ದರು. ಒಂದು ಇರುವೆಯನ್ನೂ ಕೊಲ್ಲುವುದಿಲ್ಲ ಅಂತ ಮಾತು ಕೊಟ್ಟ ಮೇಲೆಯೇ ಎಲೆಗೆ ಕೂತದ್ದು.

ಮಲ್ಲಿಗಮ್ಮ ಹೇಳಿದ್ದು ಸರಿಯಾಗಿತ್ತು. ಆರು ತಿಂಗಳು ಬರೆದ ಪುಸ್ತಕ ತಿರುವಿ ಹಾಕಿದರೆ ಗುಡ್ಡದ ಪುಟಗಳಲ್ಲಿ ಬಣ್ಣವೋ ಬಣ್ಣ, ತೋಪಿನ ಪುಟಗಳಲ್ಲಿ ಬರೀ ಕಂದು, ಬೂದು. ಬಣ್ಣದ ಚಿಟ್ಟೆಯ ಮರಿಹುಳುವಿಗೆ ಅದರದೇ ಗಿಡ ಬೇಕು. ದೊಡ್ಡದಾದ ಮೇಲೆ ಹೂವು ಬೇಕು, ಬಿಸಿಲು ಬೇಕು, ಹಕ್ಕಿ ಅಟ್ಟಿಸಿಕೊಂಡು ಬಂದರೆ ನುಗ್ಗಿ ಅಡಗಲು ಹಸಿರು ಪೊದೆ ಬೇಕು. ಒಂದೇ ಜಾತಿಯ ಮರ ಸಾಲಾಗಿ ನಿಂತ ತೋಪಿನಲ್ಲಿ ಅದ್ಯಾವುದೂ ಇರಲಿಲ್ಲ. ಅಂಚಿನ ಹುಲ್ಲು ತಿಂದು ಬೆಳೆದು, ತರಗಿನ ಬಣ್ಣ ಹೊತ್ತವು ಮಾತ್ರ ಅಲ್ಲಿ ಉಳಿದುಕೊಂಡಿದ್ದವು. ಅವುಗಳ ಪೈಕಿ ಹೆಚ್ಚಿಗೆ ಇದ್ದದ್ದು ಹಗಲೆಲ್ಲ ನೆಲದಲ್ಲಿ ರೆಕ್ಕೆ ಮುಚ್ಚಿ ಕೂತು, ಹೊತ್ತು ಇಳಿದ ಮೇಲೆ ಹಾರುವ ಒಂದು ಕಂದು ಚಿಟ್ಟೆ. ಮಲ್ಲಿಗಮ್ಮ ಅದನ್ನು ತರಗಿನ ಚಿಟ್ಟೆ ಅನ್ನುತ್ತಿದ್ದರು. ಕ್ರಮೇಣ ನನ್ನ ಪುಸ್ತಕದಲ್ಲೂ ಅದೇ ಹೆಸರು ಬಂತು.

ಒಲೆಗೆ ತರಗು ಗುಡಿಸಲು ಅವರು ದಿನಾ ಬರುತ್ತಿದ್ದರು, ನಾನೂ ಬರುತ್ತಿದ್ದೆ. ಮೊದಮೊದಲು ಮೇಡಮ್ನೋರೆ ಅನ್ನುತ್ತಿದ್ದವರು ಆಮೇಲೆ ಅವ್ವ ಅಂದರು, ಆಮೇಲೆ ಮಗ ಅಂದರು. ಒಂದು ದಿನ ನಾನು ಕಾಲೇಜಿನ ಲ್ಯಾಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಅವರ ಮುಂದೆ ಇಟ್ಟೆ. ತರಗಿನ ಚಿಟ್ಟೆಯ ಮೊಟ್ಟೆ ತಂದು ಹುಳು ಸಾಕಲು ಹೋಗಿ ಮೂರು ಸಲ ಸೋತಿದ್ದೆ. ಡಬ್ಬಿಯಲ್ಲಿ ಒಂಬತ್ತು ಹಸಿರು ಹುಳುಗಳಿದ್ದವು. ತಲೆಯ ಮೇಲೆ ಎರಡು ಪುಟ್ಟ ಕೊಂಬು. ಅದರಲ್ಲಿ ನಾಲ್ಕು ಆಗಲೇ ಕಪ್ಪಾಗಿದ್ದವು.

ಮಲ್ಲಿಗಮ್ಮ ಮುಚ್ಚಳ ತೆಗೆದು ಮೂಸಿ ನೋಡಿದರು. "ಉಸ್ರು ಕಟ್ಟಿ ಬೆವ್ತೋಗವೆ. ಮ್ಯಾವು ಎಂಗೆ ಬದ್ಲಾಯಿಸ್ತೀಯ?"

"ದಿನಾ ಬೆಳಿಗ್ಗೆ ಹುಳಾನ ಬ್ರಷ್ಷಿನಲ್ಲಿ ಎತ್ತಿ ಹೊಸ ಗರಿ ಮೇಲೆ ಬಿಡ್ತೀನಿ."

"ದಿನಾನಾ? ಜ್ವರಕ್ಕೆ ಕುಂತಾಗ್ಲೂವೆ?"

ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಪೊರೆ ಕಳಚಲು ಅಲುಗದೆ ಕೂರುತ್ತದಲ್ಲ, ಅದನ್ನು ರೇಷ್ಮೆ ಸಾಕುವವರು ಜ್ವರ ಅನ್ನುತ್ತಾರೆ. ನನಗೆ ಪುಸ್ತಕದ ಇಂಗ್ಲಿಷ್ ಹೆಸರು ಗೊತ್ತಿತ್ತು. ಆ ಹೊತ್ತಿನಲ್ಲಿ ಹುಳುವನ್ನು ಮುಟ್ಟಬಾರದು ಅನ್ನುವುದು ಗೊತ್ತಿರಲಿಲ್ಲ.

"ನಿಂಗೆ ಡಾಕುಟ್ರು ಪದವಿ ಯಾರು ಕೊಟ್ಟಾರು ಮಗ!" ಅಂತ ಅವರು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೊರಟೇಬಿಟ್ಟರು. ನಾನು ಹಿಂದೆ ಹೋದೆ.

ಆವತ್ತು ಗೊತ್ತಾಯಿತು, ಮಲ್ಲಿಗಮ್ಮ ಇಪ್ಪತ್ತೆಂಟು ವರ್ಷ ರೇಷ್ಮೆ ಹುಳು ಸಾಕಿದವರು. ಹುಳು ಅವರದಲ್ಲ. ಊರಿನ ಚಂದ್ರಶೇಖರಯ್ಯನವರ ಸಾಕಾಣಿಕೆ ಮನೆಯಲ್ಲಿ ಕೂಲಿ ಕೆಲಸ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಿಂದ ಹಿಡಿದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವವರೆಗೆ ಎಲ್ಲವೂ ಅವರ ಕೈಯಲ್ಲಿ. ಕೋಣೆಯೊಳಗೆ ಕಾಲಿಟ್ಟರೆ ಸಾಕು, ಬಿಸಿ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಅವರ ಮೈಗೆ ತಿಳಿಯುತ್ತಿತ್ತಂತೆ. ಬಿಸಿ ಸಾಲದಿದ್ದರೆ ಕೆಂಡದ ಬಾಂಡ್ಲಿ, ಹೆಚ್ಚಾದರೆ ಕಿಟಕಿಗೆ ಒದ್ದೆ ಗೋಣಿ.

"ಯಾಕೆ ಬಿಟ್ಟಿರಿ?" ಅಂತ ಕೇಳಿದೆ.

"ಬುಟ್ಟೆ," ಅಂದರು. ಅಷ್ಟೇ.

ಕಾಲೋನಿಯಲ್ಲಿ ಎರಡು ಕೋಣೆಯ ಮನೆ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಟೀವಿ. ಗಂಡ ದ್ಯಾವಯ್ಯ ಪಂಚಾಯ್ತಿಯ ನೀರು ಬಿಡುವವರು. ಯಾವಾಗ ನೋಡಿದರೂ ನೀರು ಬರದ ಬೀದಿಯವರು ಫೋನ್ ಮಾಡಿ ಬೈಯುತ್ತಿದ್ದರು. ಡಬ್ಬಿ ನೋಡಿ ಅವರು ಹಣೆ ಹಣೆ ಬಡಿದುಕೊಂಡರು. "ಉಳದ ಸಾವಾಸ ತಪ್ತು ಅಂದ್ಕಂಡಿದ್ನಲ್ಲವ್ವ. ಈಗ ಮನೆಗೇ ತಂದ್ಬುಟ್ಲು!"

ಕೂಲಿ ಮಾತಾಡಿಕೊಂಡೆವು, ಹುಳು ಸಾಕುವ ಕೆಲಸ ಮಲ್ಲಿಗಮ್ಮನದಾಯಿತು. ಡಬ್ಬಿ ಹೋಗಿ ಬಿದಿರಿನ ತಟ್ಟೆ ಬಂತು, ಮೇಲೆ ಸೊಳ್ಳೆ ಪರದೆ ಬಂತು. ಮೇವಿಗೆ ಹಿತ್ತಲಲ್ಲಿ ಬಚ್ಚಲು ನೀರಿಗೆ ಹಾಕಿದ ಜೋಳದ ಗರಿ. ಉಳಿದಿದ್ದ ಐದು ಹುಳುಗಳಲ್ಲಿ ಐದೂ ಬದುಕಿದವು.

ಕೋಶ ಒಡೆದು ಮೊದಲನೆಯದು ಹೊರಗೆ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಒದ್ದೆ ಬಟ್ಟೆಯ ಹಾಗೆ ಮುದುರಿದ್ದ ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಂಡಿತು. ಮಲ್ಲಿಗಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು.

"ನಾನು ರೆಕ್ಕೆ ನೋಡೇ ಇರ್ಲಿಲ್ಲ ಕಣ್ ಮಗ. ನಮ್ಮವು ಗೂಡು ಕಟ್ತಿದ್ದಂಗೆ ಮಾರ್ಕೆಟ್ಟಿಗೋಗವು. ಅಲ್ಲಿಂದ ಬಿಸಿನೀರಿಗೆ. ಒಂದೊಂದು ಗೂಡು ತೂತು ಬಿದ್ರೆ ಬೈತಿದ್ರು, ನಾನೂ ಆಚೆಗೆ ಎಸೀತಿದ್ದೆ. ಒಳಗಿಂದ ಏನು ಬತ್ತದೆ ಅಂತ ನಿಂತು ನೋಡಕ್ಕೆ ಪುರುಸೊತ್ತೆಲ್ಲಿತ್ತು?" ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮೋರು ರೇಸ್ಮೆ ಉಡಲ್ವಂತೆ, ಅಲ್ವಾ?" ಅಂದರು.

"ನಮ್ಮಮ್ಮ ಉಡಲ್ಲ."

"ನಾನೂ ಉಟ್ಟಿಲ್ಲ ಬುಡು," ಅಂತ ನಕ್ಕರು. "ನಮ್ಮದು ಬ್ಯಾರೆ ಕಾರಣ."

ನಾನೂ ನಕ್ಕೆ. ಆದರೆ ಆ ಮಾತು ಮನೆಗೆ ಹೋದ ಮೇಲೂ ನನ್ನ ಜೊತೆ ಇತ್ತು.

ನವೆಂಬರಿನಲ್ಲಿ ತೋಪಿನಲ್ಲಿ ಸಿಕ್ಕ ಒಂದು ಹೆಣ್ಣು ಚಿಟ್ಟೆ ಮಲ್ಲಿಗಮ್ಮನ ಪರದೆಯೊಳಗೆ ನಲವತ್ತರ ಹತ್ತಿರ ಮೊಟ್ಟೆ ಇಟ್ಟಿತು. ಗಾಜಿನ ಮಣಿಯ ಹಾಗೆ ದುಂಡಗೆ, ಜೋಳದ ಗರಿಯ ಅಡಿಯಲ್ಲಿ. ಹುಳುಗಳು ದೊಡ್ಡವಾದಂತೆ ಒಂದು ತಟ್ಟೆ ಸಾಲಲಿಲ್ಲ. ಚಿಕ್ಕ ಮನೆ, ಎಲ್ಲಿಟ್ಟರೂ ಇರುವೆ. ಅರ್ಧವನ್ನು ಒಲೆಯ ಮಗ್ಗುಲಿನ ಗೋಡೆಗೂಡಿನಲ್ಲಿಟ್ಟರು. ಇನ್ನರ್ಧವನ್ನು ಹಿಂದಿನ ಕೋಣೆಯಲ್ಲಿ, ಕುಡಿಯುವ ನೀರಿನ ಗಡಿಗೆಗಳ ಪಕ್ಕ, ಮುರಿದ ಕಿಟಕಿಯ ಕೆಳಗೆ ಇಟ್ಟರು. ಆ ವರ್ಷ ಚಳಿ ಜೋರಿತ್ತು.

ಒಲೆ ಮಗ್ಗುಲಿನವು ದಬದಬ ಬೆಳೆದು ಡಿಸೆಂಬರಿನಲ್ಲೇ ಚಿಟ್ಟೆಯಾದವು. ನಾನು ಭಾನುವಾರ ಹೋಗಿ ಫೋಟೊ ತೆಗೆದೆ. ಹತ್ತೊಂಬತ್ತು ಚಿಟ್ಟೆ. ಮುಚ್ಚಿದ ರೆಕ್ಕೆಯ ಅಂಚಿಗೆ ಸಾಲಾಗಿ ಕಣ್ಣಿನಂಥ ಗುಂಡು ಗುರುತುಗಳು, ಕಪ್ಪು ಬೊಟ್ಟು, ಸುತ್ತ ಹಳದಿ ಬಳೆ. ನನಗೆ ಆಗಲೇ ಸಂಶಯ ಬರಬೇಕಿತ್ತು. ಅಂಥ ಕಣ್ಣುಗಳಿರುವುದು ಮಳೆಗಾಲದ ಚಿಟ್ಟೆಗೆ. ಡಿಸೆಂಬರಿನ ತೋಪಿನಲ್ಲಿ ಒಂದಕ್ಕೂ ಅವು ಇರಲಿಲ್ಲ. ಆದರೆ ಕಾಲೇಜಿನ ಪರೀಕ್ಷೆ ತಲೆಯ ಮೇಲಿತ್ತು. ಸಂಭ್ರಮಪಟ್ಟು ಹೊರಟುಬಿಟ್ಟೆ. ಗಡಿಗೆ ಪಕ್ಕದವು ಇನ್ನೂ ಹುಳುಗಳಾಗಿಯೇ ಇದ್ದವು.

"ಅವು ಯಾಕೋ ಬೆಳ್ದು ಏಳ್ತಾ ಇಲ್ಲ ಮಗ," ಅಂದಿದ್ದರು ಮಲ್ಲಿಗಮ್ಮ. ಮುಖ ಸಣ್ಣದಾಗಿತ್ತು. ನಾನು ಗಮನ ಕೊಡಲಿಲ್ಲ.

ಆಮೇಲೆ ಹಾಸನದಲ್ಲಿ ಮೌಲ್ಯಮಾಪನ. ಮೂರು ವಾರ ಬಾಗೂರಿನ ಕಡೆ ತಲೆ ಹಾಕಲಾಗಲಿಲ್ಲ. ಫೋನ್ ಮಾಡಿದರೆ ದ್ಯಾವಯ್ಯ ಎತ್ತಿ, "ಅವ್ಳು ಇಲ್ಲ," ಅನ್ನುತ್ತಿದ್ದರು. ಜನವರಿಯ ಎರಡನೇ ವಾರ ಬೆಳಿಗ್ಗೆ ಹೋದೆ. ಮಲ್ಲಿಗಮ್ಮ ಹೊರಗೆ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಗಡಿಗೆ ತಾವಿದ್ದವು ಸತ್ತೋದ್ವು," ಅಂದರು.

"ಎಲ್ಲಾನಾ?"

"ಎಲ್ಲಾ."

ಒಳಗೆ ಹೋಗಿ ತಟ್ಟೆ ನೋಡಿದೆ. ಒಣಗಿದ ಗರಿಗಳಿಗೆ ಖಾಲಿ ಕೋಶಗಳು ನೇತಾಡುತ್ತಿದ್ದವು. ಎಣಿಸಿದೆ, ಹದಿನೇಳು. ಎಲ್ಲವೂ ನೆಟ್ಟಗೆ ಸೀಳಿಕೊಂಡಿದ್ದವು. ಒಳಗೇ ಸತ್ತ ಕೋಶ ಕಪ್ಪಗಾಗಿ ಕೊಳೆಯುತ್ತದೆ, ಹೀಗೆ ಬಾಯಿ ಬಿಡುವುದಿಲ್ಲ. ಇವು ಹಾರಿಹೋದ ಚಿಟ್ಟೆಗಳ ಮನೆಗಳು.

ಹೊರಗೆ ಬಂದು ಅವರ ಪಕ್ಕ ಕೂತೆ. ನಾಲ್ಕು ಅವರೆಕಾಯಿ ಬಿಡಿಸಿದೆ. "ಮಲ್ಲಿಗಮ್ಮ, ಕೋಶ ಎಲ್ಲಾ ಒಡೆದಿವೆ," ಅಂದೆ.

ಅವರ ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ದ್ಯಾವಯ್ಯನಿಗೆ ತಡೆಯಲಾಗಲಿಲ್ಲ. "ಏಳ್ಬುಡೇ ಮಲ್ಲಿ. ಒಂದ್ ವಾರದಿಂದ ನೀನೂ ಉಂಡಿಲ್ಲ, ನಂಗೂ ಸರ್ಯಾಗಿ ಇಕ್ಕಿಲ್ಲ. ಎಲ್ಲಾನೂ ಮೊರದಾಗೆ ಮುಚ್ಕಂಡು ತೋಪಿಗೆ ಬುಟ್ ಬಂದವ್ಳೆ ಕಣವ್ವ."

ಮಲ್ಲಿಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಜಾತಿ ಬೆರಕೆ ಮಾಡ್ಬುಟ್ಟೆ ಮಗ. ಎಲ್ಲಿ ಮಾಡಿದ್ನೋ ಗೊತ್ತಿಲ್ಲ. ಒಂದೇ ತಾಯಿ ಮೊಟ್ಟೆ ಅಂತ ನೀನು ಬರ್ಕಂಡಿದ್ದೆ. ಒಲೆ ಮಗ್ಗುಲಾಗಿರಾವ್ಕೆ ಕಣ್ಣವೆ, ಇವ್ಕೆ ಒಂದ್ಕೂ ಕಣ್ಣಿಲ್ಲ. ಎಳೆಯವಾಗಿದ್ದಾಗ ಮ್ಯಾವಿನ ಜೊತೆ ಬ್ಯಾರೆ ಉಳ ಸೇರ್ಕಂಡಿರ್ಬೇಕು. ನಿನ್ ಓದೆಲ್ಲ ಆಳಾಗೋಯ್ತು ಅಂತ ನಂಗೆ ನಿದ್ದೆ ಇಲ್ಲ."

ಆವತ್ತು ಅವರು ಚಂದ್ರಶೇಖರಯ್ಯನವರ ಮನೆ ಬಿಟ್ಟ ಕಥೆಯನ್ನೂ ಹೇಳಿದರು. ನಾಲ್ಕು ವರ್ಷದ ಹಿಂದೆ ಒಂದು ಬೆಳೆ ಪೂರ್ತಿ ಸುಣ್ಣಕಟ್ಟು ರೋಗ ಹತ್ತಿ, ಹುಳುಗಳೆಲ್ಲ ಬೆಳ್ಳಗೆ ಬಿಗಿದುಹೋದವಂತೆ. ಜಡಿಮಳೆಯಲ್ಲಿ ನೆನೆದ ಸೊಪ್ಪನ್ನು ಹಾಕಬೇಡಿ ಅಂತ ಮಲ್ಲಿಗಮ್ಮ ಎರಡು ದಿನದಿಂದ ಬೇಡಿಕೊಂಡಿದ್ದರಂತೆ. ಆದರೆ ಹುಳು ಸತ್ತ ದಿನ ಅಯ್ಯನವರು ಹತ್ತು ಜನರೆದುರು, ನೀನು ಕೈ ತೊಳೆಯದೆ ಮುಟ್ಟಿದ್ದಕ್ಕೇ ಹೀಗಾಯಿತು ಅಂದರು. ಇಪ್ಪತ್ತೆಂಟು ವರ್ಷ ಕೈ ತೊಳೆದು ತೊಳೆದು ಬೆರಳ ಸಂದಿ ಬಿಳಿಚಿಕೊಂಡಿದ್ದ ಹೆಂಗಸಿಗೆ. ಮಾರನೆಯ ದಿನದಿಂದ ಇವರು ಹೋಗಲಿಲ್ಲ, ಅವರು ಕರೆಯಲಿಲ್ಲ. ಮುಂದಿನ ವರ್ಷ ಹಿಪ್ಪುನೇರಳೆ ಕಿತ್ತು ಶುಂಠಿ ಹಾಕಿದರು.

"ನೀನೂ ಅಂಗೇ ಅಂದ್ಬುಟ್ರೆ ಅಂತ ಎದ್ರಿಕೆ ಆಯ್ತು," ಅಂದರು.

ಆದರೂ ನಾನು ಕೇಳಲೇಬೇಕಿತ್ತು. "ಒಂದಾದ್ರೂ ಉಳಿದಿದ್ಯಾ?"

ಒಂದು ಉಳಿದಿತ್ತು. ರೆಕ್ಕೆ ಸರಿಯಾಗಿ ಬಿಚ್ಚದೆ ಹಾರಲಾರದೆ ಇದ್ದದ್ದನ್ನು ಬಿಟ್ಟುಬರಲು ಮನಸ್ಸಾಗದೆ, ಬಾಳೆಹಣ್ಣಿನ ಚೂರು ಕೊಟ್ಟುಕೊಂಡು ಹಿಂದಿನ ಕೋಣೆಯ ಗೋಣಿಚೀಲದ ಮೇಲೆ ಇಟ್ಟಿದ್ದರು. ನೋಡಿದೆ. ಒಣಗಿದ ಎಲೆಯ ಬಣ್ಣ, ನಡುವೆ ಎಲೆಯ ನರದಂಥ ಒಂದು ಗೆರೆ. ಕಣ್ಣುಗಳ ಜಾಗದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆಗಳು, ಅಷ್ಟೇ. ಫೋನಿನಲ್ಲಿದ್ದ ಡಿಸೆಂಬರಿನ ಫೋಟೊ ತೆಗೆದು ಪಕ್ಕದಲ್ಲಿ ಹಿಡಿದೆ. ತೋಪಿನಲ್ಲಿ ಈ ಎರಡೂ ರೂಪಗಳನ್ನು ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ನಾನು ಎಷ್ಟು ಸಲ ನೋಡಿದ್ದೆ! ಒಂದೇ ಮನೆಯಲ್ಲಿ, ಒಂದೇ ತಾಯಿಯ ಮಕ್ಕಳಲ್ಲಿ ನೋಡಿರಲಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ. ದ್ಯಾವಯ್ಯ ಗಾಬರಿಯಾಗಿ ಒಳಗೆ ಬಂದರು.

"ಮಲ್ಲಿಗಮ್ಮ, ಬೆರಕೆ ಆಗಿಲ್ಲ. ಎಲ್ಲಾ ಆ ತಾಯಿ ಮಕ್ಕಳೇ. ಒಲೆ ಹತ್ತಿರ ಬೆಚ್ಚಗಿತ್ತಲ್ಲ, ಹುಳ ಅದನ್ನ ಮಳೆಗಾಲ ಅಂದ್ಕೊಂಡಿದೆ. ಮಳೆಗಾಲದ ರೆಕ್ಕೆ ಹೊಲಿಸ್ಕೊಂಡು ಬಂದಿದೆ. ಗಡಿಗೆ ಹತ್ತಿರ ಇದ್ದವು ಚಳಿ ತಿಂದು, ಹಸಿರೆಲ್ಲ ಒಣಗೋ ಕಾಲ ಬಂತು ಅಂತ ತರಗಿನ ರೆಕ್ಕೆ ಹಾಕ್ಕೊಂಡಿವೆ. ಚಳಿಗೆ ನಿಧಾನಕ್ಕೆ ಬೆಳೆದವು ಅಷ್ಟೇ, ರೋಗ ಅಲ್ಲ."

ಅವರು ನಂಬಲಿಲ್ಲ. ಇದು ಲೋಕಕ್ಕೆ ಹೊಸ ಸಂಗತಿಯೇನಲ್ಲ, ಬಿಸಿ ತಂಪಿಗೆ ತಕ್ಕಂತೆ ಇಂಥ ಚಿಟ್ಟೆಗಳ ರೆಕ್ಕೆ ಬದಲಾಗುತ್ತದೆ ಅಂತ ಓದಿದವರಿಗೆ ಗೊತ್ತು, ನನಗೂ ಪುಸ್ತಕದಲ್ಲಿ ಗೊತ್ತಿತ್ತು ಅಂತ ಹೇಳಿದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಚಿತ್ರ ನೋಡಿದರು, ಚಿಟ್ಟೆ ನೋಡಿದರು, ಗಡಿಗೆ ನೋಡಿದರು.

"ಅಂಗಾದ್ರೆ ನಾನು ತಪ್ಪು ಮಾಡಿಲ್ವಾ?"

"ನಾನು ಮಾಡಬೇಕಾದ ಕೆಲಸಾನ ನೀವು ಮಾಡಿದ್ದೀರಿ."

ಆವಾಗ ಅವರಿಗೆ ಕೋಪ ಬಂತು. "ಮೊದ್ಲೇ ಗೊತ್ತಿದ್ರೆ ಏಳಕ್ಕೇನಾಗಿತ್ತು ನಿಂಗೆ? ಒಂದ್ ವಾರ ನಿದ್ದೆ ಕೆಡಿಸ್ಬುಟ್ಟೆ!" ಆ ಮೇಲೆ ಅಡುಗೆಗೆ ಎದ್ದರು. ನನಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ಬೇರೆ ಮಾಡಿದರು. ದ್ಯಾವಯ್ಯನಿಗೆ ಆವತ್ತು ಎರಡು ಮುದ್ದೆ ಸಿಕ್ಕಿತು.

ನಮ್ಮ ಗೈಡ್ ವಿಷಯ ಕೇಳಿ, ಒಂದು ಸಲ ಆದದ್ದನ್ನು ಬರೆಯಲಾಗದು, ಮತ್ತೆ ಮತ್ತೆ ಮಾಡಿ ತೋರಿಸು ಅಂದರು. ನಾನು ಥರ್ಮಾಮೀಟರು ತಂದು ಎರಡೂ ಕಡೆ ನೇತುಹಾಕಿದೆ. ಮಲ್ಲಿಗಮ್ಮನಿಗೆ ಅದರ ಮೇಲೆ ಅಷ್ಟು ಗೌರವವಿರಲಿಲ್ಲ. ಮುಂಗೈಯನ್ನು ತಟ್ಟೆಯ ಮೇಲೆ ಹಿಡಿದು, "ಇವತ್ತು ಒಂದ್ ಕೂದ್ಲು ಕಮ್ಮಿ ಅದೆ," ಅನ್ನುವರು. ನೋಡಿದರೆ ಇಪ್ಪತ್ತೇಳರ ಬದಲು ಇಪ್ಪತ್ತಾರು ಇರುವುದು.

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ, ಮುಂದಿನ ಚಳಿಗಾಲಕ್ಕೆ, ಮೊಟ್ಟೆ ಒಡೆದು ಹುಳು ಏಳುತ್ತಿದ್ದಾಗ ಮಲ್ಲಿಗಮ್ಮ ಒಂದು ಮಾತು ಕೇಳಿದರು.

"ಮಗ, ಒಲೆ ತಾವಿರಾವ್ನ ಅರ್ಧದಲ್ಲಿ ಗಡಿಗೆ ತಾವ್ಕೆ ಇಕ್ಕುದ್ರೆ? ಇವ್ನ ಆ ಕಡೀಕೆ? ಆಗ ಯಾರ ಮಾತು ಕೇಳ್ತವೆ?"

ನಾನು ಪೆನ್ನು ಕೆಳಗಿಟ್ಟೆ. ಅದು ನನಗೆ ಹೊಳೆದಿರಲಿಲ್ಲ. ಒಂದು ಗುಂಪನ್ನು ಮೂರನೇ ಜ್ವರದಿಂದ ಎದ್ದ ಮೇಲೆ, ಇನ್ನೊಂದನ್ನು ಕೊನೆಯ ಜ್ವರದಿಂದ ಎದ್ದ ಮೇಲೆ, ಮತ್ತೊಂದನ್ನು ಕೋಶವಾದ ಎರಡು ದಿನದ ಮೇಲೆ ಅದಲುಬದಲು ಮಾಡಿದೆವು. ಮೊದಲೆರಡು ಗುಂಪುಗಳು ಹೊಸ ಜಾಗದ ರೆಕ್ಕೆ ತೊಟ್ಟು ಬಂದವು. ಕೋಶವಾದ ಮೇಲೆ ಜಾಗ ಬದಲಿಸಿದವು ಹಳೆಯ ಜಾಗದ್ದನ್ನೇ ತೊಟ್ಟಿದ್ದವು. "ಕೊನೇ ಮ್ಯಾವು ಎಲ್ಲಿ ತಿಂತೋ ಅಲ್ಲೀದು," ಅಂದರು ಮಲ್ಲಿಗಮ್ಮ. ನನ್ನ ಪ್ರಬಂಧದಲ್ಲಿ ಅದನ್ನೇ ಹೇಳಲು ಎರಡು ಪುಟ ಬೇಕಾಯಿತು.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿತ್ತು. ಒಂದು ಮಧ್ಯಾಹ್ನ ಚಂದ್ರಶೇಖರಯ್ಯನವರು ಬಂದು ಬಾಗಿಲಲ್ಲಿ ನಿಂತರು. ಮಲ್ಲಿಗಮ್ಮ ಗಾಬರಿಯಾಗದೆ ಚಾಪೆ ಹಾಸಿದರು. ಅವರು ಕೂರದೆ, ತಟ್ಟೆಯ ಕಡೆ ಬಗ್ಗಿ, "ಇದೇನಾ ಮಲ್ಲಿಗಮ್ಮ?" ಅಂತ ಪರದೆ ಎತ್ತಲು ಕೈ ಚಾಚಿದರು.

"ಅಯ್ಯ, ಕೈ ತೊಳ್ಕಂಡ್ ಮುಟ್ಟಿ. ಬಚ್ಚಲಾಗೆ ಸೋಪು ಅದೆ," ಅಂದರು ಮಲ್ಲಿಗಮ್ಮ. ಯಾರು ಬಂದರೂ ಹೇಳುವ ಮಾತು ಅದು. ನನಗೂ ದಿನಾ ಹೇಳುತ್ತಿದ್ದರು. ಆದರೆ ಚಂದ್ರಶೇಖರಯ್ಯನವರ ಕೈ ಅರ್ಧದಲ್ಲಿ ನಿಂತಿತು. ಒಂದು ಗಳಿಗೆ ಮಲ್ಲಿಗಮ್ಮನ ಮುಖ ನೋಡಿದರು. ಆಮೇಲೆ ಬಚ್ಚಲಿಗೆ ಹೋಗಿ, ಮೊಣಕೈತನಕ ತೊಳೆದುಕೊಂಡು ಬಂದರು. ಬಹಳ ಹೊತ್ತು ಹುಳು ನೋಡಿದರು. ಹೋಗುವಾಗ, "ಚೆನ್ನಾಗಿ ಎದ್ದವೆ," ಅಂದರು. ಸಾಕಾಣಿಕೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಂತೆ.

ಸಾಕಿದ ಚಿಟ್ಟೆಗಳನ್ನು ನಾವು ತೋಪಿಗೇ ತಂದು ಬಿಡುತ್ತಿದ್ದೆವು. ಒಂದು ಸಂಜೆ, ಮಾರ್ಚ್ ತಿಂಗಳು, ಎರಡೂ ಬಗೆಯವನ್ನು ಒಟ್ಟಿಗೆ ಬಿಟ್ಟೆವು. ಕಣ್ಣಿಲ್ಲದವು ತರಗಿನ ಮೇಲೆ ಇಳಿದದ್ದೇ ತಡ, ಮಾಯವಾದವು. ಎಲ್ಲಿ ಕೂತವು ಅಂತ ಕಣ್ಣಿಟ್ಟು ನೋಡುತ್ತಿದ್ದ ನಮಗೇ ಸಿಗಲಿಲ್ಲ. ಕಣ್ಣಿದ್ದವು ಮಾತ್ರ ಎದ್ದು ಕಾಣುತ್ತಿದ್ದವು. ತಂತಿಯ ಮೇಲಿದ್ದ ಕಾಜಾಣ ಬಾಣದ ಹಾಗೆ ಇಳಿದು ಒಂದನ್ನು ಕುಕ್ಕಿತು. ಮಲ್ಲಿಗಮ್ಮ ಕಿರುಚಿಕೊಂಡರು. ಹಕ್ಕಿಯ ಕೊಕ್ಕಿನಲ್ಲಿ ರೆಕ್ಕೆಯ ಅಂಚಿನ ಚೂರು ಇತ್ತು, ಕಣ್ಣಿನ ಗುರುತಿದ್ದ ಚೂರು. ಚಿಟ್ಟೆ ಅಷ್ಟನ್ನು ಬಿಟ್ಟುಕೊಟ್ಟು, ವಾಲಾಡಿಕೊಂಡು, ಬದುಕಿದೆಯಾ ಬಡಜೀವವೇ ಅಂತ ಹಾರಿಹೋಯಿತು.

"ತಲೆಗೆ ಬಿದ್ದಿದ್ರೆ ಸತ್ತೋಗದು," ಅಂದರು ಮಲ್ಲಿಗಮ್ಮ, ಎದೆಯ ಮೇಲೆ ಕೈ ಇಟ್ಟುಕೊಂಡು. "ಇದು ದೃಷ್ಟಿ ಬೊಟ್ಟು ಕಣ್ ಮಗ. ಕೆಟ್ಟ ಕಣ್ಣು ಬೊಟ್ಟಿನ ಮ್ಯಾಲೆ ಬೀಳ್ಲಿ, ಕೂಸು ಉಳೀಲಿ ಅಂತ."

ನನ್ನ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು, ಈ ಕಣ್ಣುಗಳ ಪ್ರಯೋಜನವನ್ನು ಒಂದೇ ಮಾತಿನಲ್ಲಿ ಹೇಳಿ ಅಂದಾಗ ನನ್ನ ಬಾಯಿಗೆ ದೃಷ್ಟಿ ಬೊಟ್ಟು ಅಂತಲೇ ಬಂತು. ಅವರು ನಕ್ಕು, ಬರೆದುಕೊಂಡರು. ಆ ಕೆಲಸದ ಮೇಲೆ ನಾವು ಬರೆದ ಲೇಖನದಲ್ಲಿ ನನ್ನದು, ಗೈಡ್‌ದು, ಮಲ್ಲಿಗಮ್ಮನದು, ಮೂರೂ ಹೆಸರಿವೆ. ಪತ್ರಿಕೆಯವರು ಮೂರನೆಯವರ ಸಂಸ್ಥೆ ಯಾವುದು ಅಂತ ಕೇಳಿದ್ದರು. ಮನೆ ವಿಳಾಸ ಕಳಿಸಿದೆ. ಅಚ್ಚಾದ ಪುಟವನ್ನು ದ್ಯಾವಯ್ಯ ಪಂಚಾಯ್ತಿ ಆಫೀಸಿನಲ್ಲಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು. ಮಲ್ಲಿಗಮ್ಮ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದಾರೆ. "ಗ್ವಾಡೆಗೆ ಆಕುದ್ರೆ ವಗೆ ಇಡೀತದೆ," ಅನ್ನುವುದು ಅವರ ಕಾರಣ.

ನನಗೆ ಅರಕಲಗೂಡಿನ ಕಾಲೇಜಿಗೆ ವರ್ಗವಾಯಿತು. ಅದೇ ವರ್ಷ ಪಂಚಾಯ್ತಿಯವರು ನೀಲಗಿರಿ ತೋಪನ್ನು ಕಡಿಸಿ, ಬುಡ ಕೀಳಿಸಿ, ಹೊಂಗೆ, ಬೇವು, ನೇರಳೆ ಸಸಿ ನೆಡಿಸಿದರು. ನಾನು ಸಂತೋಷಪಟ್ಟು ಫೋನ್ ಮಾಡಿದರೆ ಆ ಕಡೆಯಿಂದ ಸಪ್ಪೆ ದನಿ.

"ಬಣ್ಣದವು ಬತ್ತವೆ ಅಂತೀಯ, ಸರಿ. ಇವು ಎಲ್ಲಿಗೋಗ್ಬೇಕು ಮಗ? ತರಗೇ ಇಲ್ವಲ್ಲ."

ಎಣಿಸಿ ನೋಡೋಣ ಅಂದೆ. ಮಲ್ಲಿಗಮ್ಮನಿಗೆ ಓದು ಬರಹ ಬಾರದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಮೇಲೆ ಬಣ್ಣದ ಪೆನ್ಸಿಲಿನಿಂದ ಬೊಟ್ಟುಗಳನ್ನಿಟ್ಟು ಕೊಟ್ಟೆ, ಹಳದಿ, ನೀಲಿ, ಕಿತ್ತಳೆ, ಕಪ್ಪು, ಕಂದು. ಕಂಡಷ್ಟಕ್ಕೆ ಕೆಳಗೆ ಗೆರೆ ಎಳೆಯಬೇಕು. ವಾರಕ್ಕೆ ಮೂರು ಬೆಳಿಗ್ಗೆ ಆ ನಾಲ್ಕೆಕರೆ ಸುತ್ತುತ್ತಾರೆ. ಮೊದಲ ವರ್ಷ ಕಂದಿನ ಕೆಳಗೆ ಗೆರೆಗಳು ತೀರಾ ಕಡಿಮೆಯಾದವು, ಹಳದಿಯ ಕೆಳಗೂ ಏನೂ ಇರಲಿಲ್ಲ. ಬರೀ ಬಿಸಿಲು ಬಿದ್ದ ನೆಲ. ಎರಡನೆಯ ಮಳೆಗೆ ಸಸಿಗಳ ನಡುವೆ ಆವರಿಕೆ ತಾನಾಗಿ ಎದ್ದು, ಅದರ ಹಿಂದೆಯೇ ಚಿಕ್ಕ ಹಳದಿ ಚಿಟ್ಟೆಗಳು ಬಂದವು. ಎಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ್ದು ಬಂತು. ಕಂದಿನವು ಅಂಚಿನ ರಾಗಿ ಹೊಲದ ಬದುಗಳಿಗೆ ಸರಿದುಕೊಂಡಿವೆ. ಮಲ್ಲಿಗಮ್ಮ ಬದುವನ್ನೂ ತಮ್ಮ ಸುತ್ತಿಗೆ ಸೇರಿಸಿಕೊಂಡಿದ್ದಾರೆ. ಹೊಲದವರಿಗೆ ಬದುವಿನ ಹುಲ್ಲಿಗೆ ಬೆಂಕಿ ಇಡಬೇಡಿ ಅಂತ ಹೇಳಿ, ಒಂದಿಬ್ಬರ ಜೊತೆ ಜಗಳವನ್ನೂ ಮಾಡಿಕೊಂಡಿದ್ದಾರಂತೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ. ಹಲೋ ಅನ್ನುವ ಅಭ್ಯಾಸ ಅವರಿಗಿಲ್ಲ. ಹೋದ ವಾರವೂ ಹಾಗೇ.

"ಬರ್ಕೊ ಮಗ. ಅಳದಿ ಇಪ್ಪತ್ಮೂರು. ನೀಲಿ ನಾಕು. ಕಿತ್ಲೆ ಆರು. ಕಪ್ಪುದು ಎಲ್ಡು, ಅದ್ರಲ್ಲಿ ಒಂದ್ರ ಬಾಲ ಅರ್ದೋಗದೆ. ತರಗಿಂದು ಒಂಬತ್ತು, ಎಲ್ಲಾ ಬದಿನ್ ತಾವೇ."

ಬರೆದುಕೊಂಡೆ. ಗಂಟಲು ಕಟ್ಟಿದೆಯಲ್ಲ, ಯಾಕೆ ಅಂತ ಕೇಳಿದರು. ನೆಗಡಿ ಅಂದೆ. ಮೆಣಸಿನ ಕಷಾಯ ಮಾಡುವ ಬಗೆ ಹೇಳಿದರು. ಹಿಂದಿನಿಂದ ದ್ಯಾವಯ್ಯನಿಗೆ ಯಾರೋ ನೀರಿಗಾಗಿ ಬೈಯುತ್ತಿರುವುದು ಕೇಳಿಸುತ್ತಿತ್ತು.

"ಬರೋ ಭಾನ್ವಾರ ರಜ ಅದಾ?" ಅಂದರು.

"ಇದೆ."

"ಬಂದ್ಬುಡು ಮತ್ತೆ. ವಸ ಜೋಳದ ಗರಿ ಬಂದದೆ, ನಮ್ ತರಗಿನವು ಮೊಟ್ಟೆ ಇಕ್ಕವೇನೋ ಸುತ್ತಾಡ್ಕಂಡು ಬರಾನ."